ಮನೆಯ ಮರಗೆಲಸಕ್ಕೆ ಮೇಜುಗರಗಸ: ಸಣ್ಣ ಬಜೆಟ್ಟಿನಲ್ಲಿ ಆಯ್ಕೆ ಹೇಗೆ?

ಬೆಂಗಳೂರಿನ ಪದ್ಮನಾಭನಗರದಂತಹ ಬಡಾವಣೆಯಲ್ಲಿ, ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಮರಗೆಲಸದ ಹವ್ಯಾಸ ಹತ್ತಿದರೆ ಅದಕ್ಕೆ ಒದಗುವ ಜಾಗ ಸಾಮಾನ್ಯವಾಗಿ ಎರಡೇ. ಒಂದು, ಕಾರು ನಿಲ್ಲುವ ಪೋರ್ಟಿಕೋ; ಇನ್ನೊಂದು, ತಾರಸಿಯ ಮೇಲಿನ ಒಂಟಿ ಕೋಣೆ. ಕೈಗರಗಸ, ಉಳಿ, ಉಜ್ಜುಗೊರಡುಗಳಿಂದ ಆರಂಭವಾದ ಹವ್ಯಾಸ ಪುಸ್ತಕದ ಕಪಾಟು, ಓದುವ ಮೇಜು, ಅಡುಗೆಮನೆಯ ಡ್ರಾಯರುಗಳವರೆಗೆ ಬೆಳೆದಾಗ ಹಲಗೆಯನ್ನು ಉದ್ದಕ್ಕೆ ನೇರವಾಗಿ ಸೀಳುವ ಯಂತ್ರವೊಂದು ಬೇಕೆನಿಸುತ್ತದೆ. ಅಂಗಡಿಗಳಲ್ಲಿ ‘ಟೇಬಲ್ ಸಾ’ ಎಂದು ಕರೆಯಲಾಗುವ ಮೇಜುಗರಗಸದ ವಿಚಾರಣೆ ಆರಂಭವಾಗುವುದು ಇಲ್ಲಿಂದಲೇ.

ಈ ಯಂತ್ರದ ಆಯ್ಕೆಯಲ್ಲಿ ಬಹುತೇಕರು ಮೊದಲು ಕೇಳುವುದು ಮೋಟಾರಿನ ಶಕ್ತಿ ಮತ್ತು ಬೆಲೆಯನ್ನು. ಆದರೆ ಸಣ್ಣ ಬಜೆಟ್ಟಿನಲ್ಲಿ ಕೊಳ್ಳುವವರು ಬಿಟ್ಟುಕೊಡಬಹುದಾದ ಸೌಲಭ್ಯಗಳು ಯಾವುವು, ಯಾವ ಕಾರಣಕ್ಕೂ ಬಿಟ್ಟುಕೊಡಬಾರದವು ಯಾವುವು ಎಂಬುದನ್ನು ಮೊದಲೇ ಬೇರ್ಪಡಿಸಿಕೊಳ್ಳುವುದು ಅಗತ್ಯ. ಏಕೆಂದರೆ ಇಲ್ಲಿ ತಪ್ಪು ಉಳಿತಾಯಕ್ಕೆ ತೆರಬೇಕಾದ ಬೆಲೆ ಕೈಬೆರಳಾಗಿರಬಹುದು.

ಯಂತ್ರದ ಕೆಲಸ ಮತ್ತು ಅಪಾಯ

ಮೇಜುಗರಗಸದ ರಚನೆ ಸರಳವಾದುದು. ಸಮತಟ್ಟಾದ ಲೋಹದ ಮೇಜಿನ ಸೀಳಿನಿಂದ ವೃತ್ತಾಕಾರದ ಬ್ಲೇಡ್ ಮೇಲೆದ್ದು ತಿರುಗುತ್ತಿರುತ್ತದೆ. ಪಕ್ಕದಲ್ಲಿ ಬ್ಲೇಡಿಗೆ ಸಮಾನಾಂತರವಾಗಿ ‘ಫೆನ್ಸ್’ ಎಂಬ ಆಧಾರಪಟ್ಟಿ ಇರುತ್ತದೆ. ಹಲಗೆಯ ಅಂಚನ್ನು ಈ ಪಟ್ಟಿಗೆ ಒತ್ತಿಹಿಡಿದು ಮುಂದಕ್ಕೆ ತಳ್ಳಿದರೆ ಬೇಕಾದ ಅಗಲಕ್ಕೆ ಮರ ಸೀಳಿಕೊಳ್ಳುತ್ತದೆ. ಅಡ್ಡ ಕೊಯ್ಯುವಾಗ ಮೇಜಿನ ಗಾಡಿಯಲ್ಲಿ ಜಾರುವ ‘ಮೈಟರ್ ಗೇಜ್’ ಎಂಬ ಕೋನಮಾಪಕವನ್ನು ಬಳಸಲಾಗುತ್ತದೆ. ಕೈಗರಗಸದಲ್ಲಿ ಅರ್ಧ ತಾಸು ಹಿಡಿಯುವ ಕೊಯ್ತ ಇಲ್ಲಿ ಅರೆ ನಿಮಿಷದಲ್ಲಿ ಮುಗಿಯುತ್ತದೆ. ಹತ್ತು ಪಟ್ಟಿ ಸೀಳಿದರೂ ಹತ್ತೂ ಒಂದೇ ಅಗಲಕ್ಕೆ ಬರುತ್ತವೆ.

ಬ್ಲೇಡಿನ ವೇಗವನ್ನು ಲೆಕ್ಕ ಹಾಕಿದರೆ ಅಪಾಯದ ಪ್ರಮಾಣ ತಿಳಿಯುತ್ತದೆ. 254 ಮಿ.ಮೀ., ಅಂದರೆ ಹತ್ತು ಇಂಚು ವ್ಯಾಸದ ಬ್ಲೇಡ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲುಗಳು ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತವೆ. ಕೆಲಸಗಾರನ ಕಡೆಯಿರುವ ಹಲ್ಲುಗಳು ಮರವನ್ನು ಕೆಳಕ್ಕೆ, ಮೇಜಿನತ್ತ ಒತ್ತುತ್ತವೆ. ಹಿಂಬದಿಯ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಕೊಯ್ದ ಸೀಳು ಹಿಂದೆ ಕೂಡಿಕೊಂಡರೆ, ಅಥವಾ ಹಲಗೆ ಫೆನ್ಸ್ ಬಿಟ್ಟು ಓರೆಯಾದರೆ, ಈ ಹಿಂಬದಿಯ ಹಲ್ಲುಗಳು ಮರವನ್ನು ಎತ್ತಿ ಕೆಲಸಗಾರನ ಮೇಲೆಯೇ ಎಸೆಯುತ್ತವೆ. ಇದಕ್ಕೆ ‘ಕಿಕ್‌ಬ್ಯಾಕ್’ ಎಂದು ಹೆಸರು. ಹಲಗೆ ಹೊಟ್ಟೆಗೆ ಬಡಿಯುವುದು ಒಂದು ಗಂಡಾಂತರವಾದರೆ, ಹಲಗೆಯೊಡನೆ ಕೈಯೂ ಬ್ಲೇಡಿನತ್ತ ಎಳೆಯಲ್ಪಡುವುದು ಅದಕ್ಕಿಂತ ದೊಡ್ಡದು.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜಿನಂತೆ 2015ರ ಒಂದೇ ವರ್ಷದಲ್ಲಿ ಆ ದೇಶದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ ಮೇಜುಗರಗಸದ ಗಾಯಗಳು ಸುಮಾರು 33,400. ಅವುಗಳಲ್ಲಿ 30,800 ಗಾಯಗಳು ಬ್ಲೇಡ್ ತಗುಲಿ ಆದವು. ಗಾರ್ಡು, ಸೂಚನಾ ಪುಸ್ತಕ ಎಲ್ಲವೂ ಇರುವ ಯಂತ್ರಗಳು ಮಾರಾಟವಾಗುವ ದೇಶದ ಲೆಕ್ಕವಿದು ಎಂಬುದು ಗಮನಾರ್ಹ.

ಬಿಟ್ಟುಕೊಡಬಾರದ ಮೂರು ಅಂಶಗಳು

ಮೊದಲನೆಯದು ‘ರೈವಿಂಗ್ ನೈಫ್’. ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಂತಿರುವ ಈ ಬಾಗಿದ ಉಕ್ಕಿನ ತಗಡು ಕೊಯ್ದ ಸೀಳು ಮತ್ತೆ ಕೂಡಿಕೊಳ್ಳದಂತೆ ತಡೆಯುತ್ತದೆ. ಮರ ಹಿಂಬದಿಯ ಹಲ್ಲುಗಳಿಗೆ ಸಿಕ್ಕುವುದನ್ನು ತಪ್ಪಿಸುತ್ತದೆ. ಬ್ಲೇಡನ್ನು ಏರಿಸಿದಾಗ, ಇಳಿಸಿದಾಗ, ಓರೆ ಮಾಡಿದಾಗ ಇದೂ ಅದರ ಜೊತೆಗೇ ಚಲಿಸಬೇಕು. ಇದರ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚು, ಬ್ಲೇಡ್ ಮಾಡುವ ಸೀಳಿಗಿಂತ ಕಡಿಮೆ ಇರಬೇಕು. ಆದ್ದರಿಂದ ಬ್ಲೇಡ್ ಬದಲಿಸುವಾಗ ತಗಡಿನ ಮೇಲೆ ನಮೂದಿಸಿರುವ ದಪ್ಪವನ್ನು ತಾಳೆ ನೋಡುವುದು ಕಡ್ಡಾಯ. ಈ ತಗಡೇ ಇಲ್ಲದ ಯಂತ್ರ ಎಷ್ಟು ಅಗ್ಗವಾದರೂ ಹವ್ಯಾಸಿಗೆ ತಕ್ಕದ್ದಲ್ಲ.

ಎರಡನೆಯದು ಫೆನ್ಸ್. ಬಿಗಿದ ಮೇಲೆ ಅದು ಬ್ಲೇಡಿಗೆ ಸಮಾನಾಂತರವಾಗಿಯೇ ನಿಲ್ಲಬೇಕು. ಅದರ ಹಿಂದಿನ ತುದಿ ಬ್ಲೇಡಿನತ್ತ ಕೂದಲೆಳೆಯಷ್ಟು ವಾಲಿದರೂ ಹಲಗೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮರ ಸುಟ್ಟ ವಾಸನೆ ಬರುತ್ತದೆ, ಕಿಕ್‌ಬ್ಯಾಕಿಗೆ ದಾರಿಯಾಗುತ್ತದೆ. ಅಗ್ಗದ ಯಂತ್ರಗಳಲ್ಲಿ ತಯಾರಕರು ಹಣ ಉಳಿಸುವ ಜಾಗ ಹೆಚ್ಚಾಗಿ ಇದೇ. ಹಲ್ಲುಕಂಬಿಯ ಮೇಲೆ ಎರಡೂ ತುದಿ ಒಟ್ಟಿಗೆ ಸರಿಯುವ ಫೆನ್ಸ್ ಇರುವ ಮಾದರಿಗಳು ಸ್ವಲ್ಪ ದುಬಾರಿಯಾದರೂ ಆ ವ್ಯತ್ಯಾಸಕ್ಕೆ ತಕ್ಕ ನೆಮ್ಮದಿ ಕೊಡುತ್ತವೆ.

ಮೂರನೆಯದು ಸ್ವಿಚ್ಚು. ಬೆಂಗಳೂರಿನಲ್ಲಿ ಕರೆಂಟು ಹೋಗಿ ಬರುವುದು ಹೊಸದಲ್ಲ. ಕೊಯ್ಯುತ್ತಿರುವಾಗ ವಿದ್ಯುತ್ ಕಡಿತವಾಗಿ, ಬ್ಲೇಡಿನಲ್ಲಿ ಸಿಕ್ಕಿಕೊಂಡ ಹಲಗೆಯನ್ನು ಬಿಡಿಸಲು ಕೈ ಹಾಕಿದ ಗಳಿಗೆಯಲ್ಲಿ ಕರೆಂಟು ಮರಳಿದರೆ ಗತಿಯೇನು? ಒಮ್ಮೆ ವಿದ್ಯುತ್ ಹೋದರೆ ಮತ್ತೆ ಗುಂಡಿ ಒತ್ತುವ ತನಕ ಯಂತ್ರ ಚಾಲೂ ಆಗದಂತಹ ‘ನೋ-ವೋಲ್ಟ್’ ಸ್ವಿಚ್ಚು ಇದಕ್ಕೆ ಪರಿಹಾರ. ಆರಿಸುವ ಗುಂಡಿ ದೊಡ್ಡದಾಗಿದ್ದು, ಎರಡೂ ಕೈಯಲ್ಲಿ ಮರ ಹಿಡಿದಿದ್ದಾಗ ತೊಡೆಯಿಂದಲೇ ತಳ್ಳಿ ನಿಲ್ಲಿಸುವಂತಿರಬೇಕು.

ಬಿಟ್ಟುಕೊಡಬಹುದಾದದ್ದು ಗಾತ್ರ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಇಡೀ ಪ್ಲೈವುಡ್ ಹಾಳೆಯನ್ನು ಮನೆಯಲ್ಲೇ ಸೀಳಬೇಕೆಂಬ ಆಸೆ ದೊಡ್ಡ ಯಂತ್ರದ ಕಡೆಗೆ ಎಳೆಯುತ್ತದೆ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಎಂಟು ಅಡಿಯ ಹಾಳೆಯನ್ನು ಉದ್ದಕ್ಕೆ ಸೀಳಲು ಬ್ಲೇಡಿನ ಮುಂದೆ ಎಂಟು ಅಡಿ, ಹಿಂದೆ ಎಂಟು ಅಡಿ, ಮಧ್ಯೆ ಯಂತ್ರದ ಜಾಗ ಸೇರಿ ಹದಿನೆಂಟು ಅಡಿಯಾದರೂ ತೆರವು ಬೇಕು. ಅದರ ಜೊತೆಗೆ ಹಾಳೆಯ ಭಾರ ಹೊರುವ ಎರಡು ಹೆಚ್ಚುವರಿ ಮೇಜುಗಳೂ ಬೇಕು. ಮೂವತ್ತು-ನಲವತ್ತರ ನಿವೇಶನದ ಪೋರ್ಟಿಕೋದಲ್ಲಿ ಕಾರನ್ನು ಹೊರಗೆ ನಿಲ್ಲಿಸಿದರೂ ಇದು ಕಷ್ಟಸಾಧ್ಯ. ತಾರಸಿಯ ಕೋಣೆಯಲ್ಲಂತೂ ಅಸಾಧ್ಯ.

ಇದಕ್ಕೆ ಸುಲಭದ ದಾರಿಯಿದೆ. ಕೆಲವು ಪ್ಲೈವುಡ್ ಅಂಗಡಿಗಳು ಅಳತೆ ಕೊಟ್ಟರೆ ಹಾಳೆಯನ್ನು ಕತ್ತರಿಸಿಯೇ ಕಳುಹಿಸುತ್ತವೆ. ನಗರದ ಸಣ್ಣ ಪೀಠೋಪಕರಣ ಘಟಕಗಳಲ್ಲಿರುವ ಪ್ಯಾನೆಲ್ ಗರಗಸಗಳಲ್ಲಿಯೂ ಕೂಲಿ ಕೊಟ್ಟು ಕತ್ತರಿಸಿಕೊಳ್ಳಬಹುದು. ದೊಡ್ಡ ಹಾಳೆ ಅಲ್ಲಿಯೇ ನಾಲ್ಕೈದು ತುಂಡಾಗಿ ಬಂದರೆ ಮನೆಯಲ್ಲಿ ಉಳಿಯುವುದು ಎರಡಡಿಯ ಒಳಗಿನ ಅಗಲದ ಕೆಲಸ ಮಾತ್ರ. ಫೆನ್ಸ್ ಬ್ಲೇಡಿನಿಂದ 610 ಮಿ.ಮೀ., ಅಂದರೆ ಎರಡಡಿಯವರೆಗೆ ಸರಿಯುವ ಯಂತ್ರ ಇದಕ್ಕೆ ಧಾರಾಳ ಸಾಕು. ಅದಕ್ಕಿಂತ ಚಿಕ್ಕದರಲ್ಲೂ ಬಹಳಷ್ಟು ಕೆಲಸ ಸಾಗುತ್ತದೆ.

ಬ್ಲೇಡಿನ ವ್ಯಾಸದ ಮಾತೂ ಹಾಗೆಯೇ. 254 ಮಿ.ಮೀ. ಬ್ಲೇಡಿನ ಯಂತ್ರಗಳು ನೇರ ಕೊಯ್ತದಲ್ಲಿ ಸುಮಾರು 75ರಿಂದ 80 ಮಿ.ಮೀ. ದಪ್ಪದ ಮರವನ್ನು ಕೊಯ್ಯುತ್ತವೆ. 210 ಮಿ.ಮೀ. ಬ್ಲೇಡಿನ ಚಿಕ್ಕ ಯಂತ್ರ ಕೂಡ ಎರಡಿಂಚಿನ ಮರವನ್ನು ಒಂದೇ ಸಲಕ್ಕೆ ಕೊಯ್ಯಬಲ್ಲದು. ಮುಕ್ಕಾಲು ಇಂಚಿನ ಪ್ಲೈವುಡ್, ಒಂದಿಂಚಿನ ತೇಗದ ಹಲಗೆಗಳೇ ಹೆಚ್ಚಾಗಿರುವ ಮನೆಗೆಲಸಕ್ಕೆ ಇಷ್ಟು ಸಾಲದೆಂದೇನಿಲ್ಲ. ದಿಮ್ಮಿ ಸೀಳುವುದು ಹೇಗೂ ಪರವಾನಗಿ ಪಡೆದ ಸಾಮಿಲ್ಲಿನ ಕೆಲಸ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಕೊಯ್ದ ಮರವನ್ನು ಘನ ಅಡಿಯ ಲೆಕ್ಕದಲ್ಲಿ ತರುವವರಿಗೆ ಆ ಚಿಂತೆ ಇರುವುದಿಲ್ಲ.

ಮೋಟಾರು ಮತ್ತು ಮನೆಯ ವಿದ್ಯುತ್ತು

ಮಾರುಕಟ್ಟೆಯಲ್ಲಿ ಸಿಗುವ ಯಂತ್ರಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಬಾಷ್, ಮಕಿಟಾ, ಡಿವಾಲ್ಟ್ ಮುಂತಾದ ಬ್ರಾಂಡುಗಳ ಎತ್ತಿ ಸಾಗಿಸಬಲ್ಲ ಯಂತ್ರಗಳು ಮೊದಲನೆಯ ಬಗೆ. ಇವುಗಳಲ್ಲಿ ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರು ಇರುತ್ತದೆ. ಹಗುರ, ವೇಗ ಹೆಚ್ಚು, ಸದ್ದೂ ಹೆಚ್ಚು. ಕೆಲಸ ಮುಗಿದ ಮೇಲೆ ಮೂಲೆಗೆ ಸರಿಸಿ ಕಾರು ನಿಲ್ಲಿಸಬಹುದಾದ್ದರಿಂದ ಪೋರ್ಟಿಕೋ ಕಾರ್ಯಾಗಾರಕ್ಕೆ ಇವೇ ಹೊಂದುತ್ತವೆ. ಹತ್ತು ಇಂಚಿನ ಬ್ರಾಂಡೆಡ್ ಯಂತ್ರಗಳ ಬೆಲೆ ಸಾಮಾನ್ಯವಾಗಿ ಮೂವತ್ತು ಸಾವಿರ ರೂಪಾಯಿ ದಾಟುತ್ತದೆ.

ಕಬ್ಬಿಣದ ಸ್ಟ್ಯಾಂಡಿಗೆ ಇಂಡಕ್ಷನ್ ಮೋಟಾರು, ಬೆಲ್ಟು ಜೋಡಿಸಿ ಸ್ಥಳೀಯವಾಗಿ ತಯಾರಿಸುವ ಯಂತ್ರಗಳು ಎರಡನೆಯ ಬಗೆ. ಇವುಗಳ ಶಕ್ತಿ, ಬಾಳಿಕೆಗಳ ಬಗ್ಗೆ ಆಕ್ಷೇಪವಿಲ್ಲ, ಸದ್ದೂ ಕಡಿಮೆ. ಆದರೆ ಹಲವು ಯಂತ್ರಗಳಲ್ಲಿ ರೈವಿಂಗ್ ನೈಫ್, ಗಾರ್ಡು ಇರುವುದಿಲ್ಲ. ಫೆನ್ಸ್ ಎಂಬುದು ಕೈಯಲ್ಲಿ ಬಿಗಿಯುವ ಕಬ್ಬಿಣದ ಪಟ್ಟಿಯಷ್ಟೇ. ಇಂತಹದನ್ನು ಮಾಡಿಸುವವರು ಈ ಮೂರನ್ನೂ ಸೇರಿಸಿಯೇ ಬೆಲೆ ಮಾತಾಡಬೇಕು. ಮೂರು ಫೇಸ್ ಮೋಟಾರು ಮನೆಯ ಸಿಂಗಲ್ ಫೇಸ್ ಸಂಪರ್ಕಕ್ಕೆ ನೇರವಾಗಿ ನಡೆಯದು ಎಂಬುದೂ ನೆನಪಿನಲ್ಲಿರಬೇಕು.

1,800 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಮೊಬೈಲ್ ಚಾರ್ಜಿಗೆ ಬಳಸುವ 6 ಆಂಪಿಯರಿನ ಪ್ಲಗ್ಗು ಇದಕ್ಕೆ ಆಗದು. ಗೀಸರಿಗೆ ಹಾಕುವಂತಹ 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಪೋರ್ಟಿಕೋದಲ್ಲಿ ಅಂತಹ ಪ್ಲಗ್ಗು ಇಲ್ಲದಿದ್ದರೆ ಅದನ್ನು ಹಾಕಿಸುವ ಖರ್ಚೂ ಬಜೆಟ್ಟಿನ ಭಾಗವೇ. ತೆಳುವಾದ ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಕುಸಿದು ಮೋಟಾರು ಬಿಸಿಯಾಗುತ್ತದೆ. 2.5 ಚದರ ಮಿ.ಮೀ. ತಾಮ್ರದ ತಂತಿ, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕ್ಷೇಮ. ಮನೆಯ ಸಾಧಾರಣ ಇನ್ವರ್ಟರಿನಲ್ಲಿ ಈ ಯಂತ್ರ ನಡೆಯದು.

ಅಮೆರಿಕದಿಂದ ಮರಳುವಾಗ ಅಲ್ಲಿನ ಯಂತ್ರವನ್ನು ಸಾಮಾನಿನೊಂದಿಗೆ ತರುವ ವಿಚಾರ ಕೆಲವರಲ್ಲಿದೆ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್; ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಪ್ಲಗ್ಗಿಗೆ ಹಾಕಿದರೆ ಮೋಟಾರು ಸುಟ್ಟುಹೋಗುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟರೂ ಇಂಡಕ್ಷನ್ ಮೋಟಾರು ತನ್ನ ವೇಗಕ್ಕಿಂತ ನಿಧಾನವಾಗಿ ತಿರುಗುತ್ತದೆ. ಬೆರಳು ತಗುಲಿದೊಡನೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಬ್ಲೇಡನ್ನು ನಿಲ್ಲಿಸುವ ‘ಸಾಸ್ಟಾಪ್’ ತಂತ್ರಜ್ಞಾನ ಆ ದೇಶದಲ್ಲಿ ಹುಟ್ಟಿದ್ದು. ಆದರೆ ಅದರ ಬೆಲೆ ಸಣ್ಣ ಬಜೆಟ್ಟಿನವರ ಕೈಗೆಟುಕುವಂತಹುದಲ್ಲ.

‘ಉಲ್ಟಾ ಕಟ್ಟರ್’ ಎಂಬ ಅಡ್ಡದಾರಿ

ಹಣ ಸಾಲದಾದಾಗ ಅನೇಕರು ಹಿಡಿಯುವ ದಾರಿಯೊಂದಿದೆ. ನಾಲ್ಕಿಂಚಿನ ಮಾರ್ಬಲ್ ಕಟ್ಟರಿಗೆ ಮರ ಕೊಯ್ಯುವ ಬ್ಲೇಡ್ ಹಾಕಿ, ಪ್ಲೈವುಡ್ ತುಂಡಿನ ಅಡಿಗೆ ತಲೆಕೆಳಗಾಗಿ ಬಿಗಿದು ಮೇಜುಗರಗಸ ಮಾಡಿಕೊಳ್ಳುವುದು. ಮನೆ ಒಳಾಂಗಣದ ಕೆಲಸ ನಡೆಯುವಲ್ಲೆಲ್ಲ ಈ ಏರ್ಪಾಡು ಕಾಣಸಿಗುತ್ತದೆ. ಕೆಲವೇ ಸಾವಿರ ರೂಪಾಯಿಯಲ್ಲಿ ಕೆಲಸ ಆಗುವುದು ನಿಜ. ನುರಿತ ಬಡಗಿಗಳು ಇದರಲ್ಲೇ ದಿನವಿಡೀ ದುಡಿಯುವುದೂ ನಿಜ.

ಆದರೆ ಮಾರ್ಬಲ್ ಕಟ್ಟರ್ ಇರುವುದು ಹಲ್ಲಿಲ್ಲದ ವಜ್ರದ ಬ್ಲೇಡಿನಿಂದ ಕಲ್ಲು ಕೊಯ್ಯಲು. ಅದು ನಿಮಿಷಕ್ಕೆ 12,000ದಿಂದ 13,000 ಸುತ್ತು ತಿರುಗುತ್ತದೆ. ಆ ವೇಗಕ್ಕೆ ಹಲ್ಲಿನ ಬ್ಲೇಡ್ ಹಾಕಿದಾಗ ಹಲ್ಲುಗಳ ಚಲನೆ ಗಂಟೆಗೆ ಸುಮಾರು 250 ಕಿ.ಮೀ. ಮುಟ್ಟುತ್ತದೆ. ರೈವಿಂಗ್ ನೈಫ್ ಇಲ್ಲ, ಮೇಲಿನ ಗಾರ್ಡು ಇಲ್ಲ, ಥಟ್ಟನೆ ನಿಲ್ಲಿಸುವ ಗುಂಡಿ ಇಲ್ಲ. ಸ್ವಿಚ್ಚನ್ನು ಚಾಲೂ ಸ್ಥಿತಿಯಲ್ಲೇ ಲಾಕ್ ಮಾಡಿರುವುದರಿಂದ ಕರೆಂಟು ಬಂದೊಡನೆ ತಾನೇ ತಿರುಗತೊಡಗುತ್ತದೆ. ಬಿಟ್ಟುಕೊಡಬಾರದೆಂದು ಮೇಲೆ ಹೇಳಿದ ಮೂರೂ ಅಂಶಗಳು ಇಲ್ಲಿ ಒಟ್ಟಿಗೇ ಇಲ್ಲವಾಗುತ್ತವೆ. ಭಾನುವಾರ ಮಾತ್ರ ಮರ ಮುಟ್ಟುವ ಹವ್ಯಾಸಿಗೆ ಇದು ಸಲ್ಲದು.

ಹಣ ಅಷ್ಟೇ ಇದ್ದಲ್ಲಿ ಉತ್ತಮ ಪರ್ಯಾಯವೆಂದರೆ ಕೈಯಲ್ಲಿ ಹಿಡಿಯುವ ಏಳಿಂಚಿನ ಸರ್ಕ್ಯುಲರ್ ಸಾ ಮತ್ತು ಅದಕ್ಕೊಂದು ನೇರ ಪಟ್ಟಿ. ಪ್ಲೈವುಡ್ಡಿನ ಕಾರ್ಖಾನೆ ಅಂಚನ್ನೇ ಆಧಾರವಾಗಿಸಿ ಎಂಟಡಿಯ ಮಾರ್ಗದರ್ಶಿ ಪಟ್ಟಿಯನ್ನು ಮನೆಯಲ್ಲೇ ತಯಾರಿಸಬಹುದು. ಹಾಳೆಯನ್ನು ನೆಲದ ಮೇಲೆ ಥರ್ಮಾಕೋಲಿನ ಮೇಲಿಟ್ಟು, ಪಟ್ಟಿಯನ್ನು ಕ್ಲಾಂಪಿನಿಂದ ಬಿಗಿದು ಕೊಯ್ದರೆ ಹದಿನೆಂಟು ಅಡಿಯ ಜಾಗವೂ ಬೇಡ. ಇಲ್ಲಿ ಮರ ನಿಂತಲ್ಲೇ ನಿಲ್ಲುತ್ತದೆ, ಯಂತ್ರ ಚಲಿಸುತ್ತದೆ. ಸರಿಯಾಗಿ ಹಿಡಿದರೆ ಎರಡೂ ಕೈ ಯಂತ್ರದ ಹಿಡಿಕೆಯ ಮೇಲೆಯೇ ಇರುತ್ತವೆ. ಮುಂದೆ ಹಣ ಕೂಡಿ ಮೇಜುಗರಗಸ ಕೊಂಡರೂ ದೊಡ್ಡ ಹಾಳೆಗಳಿಗೆ ಈ ಉಪಕರಣ ಉಪಯೋಗಕ್ಕೆ ಬರುತ್ತದೆ.

ಬಜೆಟ್ಟಿನ ನಿಜವಾದ ಲೆಕ್ಕ

ಇರುವ ಹಣವನ್ನೆಲ್ಲ ಯಂತ್ರಕ್ಕೇ ಸುರಿಯುವುದು ಸಾಮಾನ್ಯ ತಪ್ಪು. ಒಟ್ಟು 50,000 ರೂಪಾಯಿ ತೆಗೆದಿಟ್ಟವರು ಯಂತ್ರಕ್ಕೆ 37,000ದ ಒಳಗೆ ಮಿತಿ ಹಾಕಿಕೊಂಡು ಉಳಿದ ಕಾಲು ಭಾಗವನ್ನು ಬ್ಲೇಡ್, ವೈರಿಂಗ್ ಮತ್ತು ರಕ್ಷಣಾ ಸಾಧನಗಳಿಗೆ ಮೀಸಲಿಡುವುದು ಒಳಿತು.

ಯಂತ್ರದೊಡನೆ ಬರುವ ಬ್ಲೇಡ್ ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ. ಮರವನ್ನು ಎಳೆಯ ಉದ್ದಕ್ಕೆ ಸೀಳಲು 24 ಹಲ್ಲಿನದು, ಪ್ಲೈವುಡ್ ಅಂಚು ಚಕ್ಕೆ ಏಳದಂತೆ ಕೊಯ್ಯಲು 60 ಅಥವಾ 80 ಹಲ್ಲಿನದು ಬೇಕು. ಒಂದೇ ಕೊಳ್ಳುವುದಾದರೆ 40 ಹಲ್ಲಿನದು ಮಧ್ಯಮ ಮಾರ್ಗ. ಕಾರ್ಬೈಡ್ ತುದಿಯ ಬ್ಲೇಡನ್ನು ಸಾಣೆ ಹಿಡಿಸಿ ಮತ್ತೆ ಮತ್ತೆ ಬಳಸಬಹುದು. ಮೊಂಡಾದ ಬ್ಲೇಡಿಗೆ ಹೆಚ್ಚು ಒತ್ತಿ ತಳ್ಳಬೇಕಾಗುತ್ತದೆ, ಹೆಚ್ಚು ಒತ್ತಿದಾಗಲೇ ಕೈ ಜಾರುತ್ತದೆ. ಕೊಳ್ಳುವಾಗ ನಡುವಿನ ರಂಧ್ರದ ಅಳತೆ ಯಂತ್ರಕ್ಕೆ ಹೊಂದುವುದೇ, ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿದೆಯೇ ಎಂದು ನೋಡಬೇಕು. ಅಗ್ಗವೆಂದು ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಮರ ತರುವವರು ಪ್ರತಿಯೊಂದು ಮೊಳೆಯನ್ನೂ ಕಿತ್ತ ಮೇಲಷ್ಟೇ ಯಂತ್ರಕ್ಕೆ ಕೊಡಬೇಕು. ಉಳಿದ ಒಂದು ಮೊಳೆ ಬ್ಲೇಡಿನ ಹಲ್ಲು ಹಾರಿಸಬಲ್ಲದು.

ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎನ್-95 ಮುಖಗವಸು, ಕನ್ನಡಕ, ಕಿವಿಗೆ ಮುಚ್ಚಳ, ಸಾಧ್ಯವಾದರೆ ಯಂತ್ರದ ಬಾಯಿಗೆ ಜೋಡಿಸುವ ವ್ಯಾಕ್ಯೂಮ್ ಬೇಕು. ಸದ್ದಿನ ಪ್ರಶ್ನೆ ನೆರೆಹೊರೆಗೂ ಸೇರಿದ್ದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿಯೆಂದರೆ 10ರಿಂದ ಬೆಳಗಿನ 6 ಗಂಟೆ. ಗೋಡೆಗೆ ಗೋಡೆ ತಾಗಿದಂತಿರುವ ಬಡಾವಣೆಗಳಲ್ಲಿ ಕೊಯ್ಯುವ ಕೆಲಸವನ್ನೆಲ್ಲ ಒಟ್ಟುಮಾಡಿ ಹಗಲಿನ ಒಂದು ತಾಸಿನಲ್ಲಿ ಮುಗಿಸುವುದು ಜಾಣತನ.

ಅಂಗಡಿಯಲ್ಲಿ ಪರೀಕ್ಷೆ

ಆನ್‌ಲೈನಿನಲ್ಲಿ ಬೆಲೆ ಕಡಿಮೆ ಇದ್ದರೂ ಎಸ್.ಜೆ.ಪಿ. ರಸ್ತೆಯಂತಹ ಪೇಟೆಯಲ್ಲಿ ಯಂತ್ರವನ್ನು ಮುಟ್ಟಿ ನೋಡುವುದರಿಂದ ಲಾಭವಿದೆ. ಪರೀಕ್ಷೆಗೆ ಬೇಕಾದದ್ದು ಒಂದು ಉಕ್ಕಿನ ಸ್ಕೇಲು, ಒಂದು ಮೂಲೆಮಟ್ಟ ಅಷ್ಟೇ. ಪ್ಲಗ್ಗು ತೆಗೆದಿರುವುದನ್ನು ಖಚಿತಪಡಿಸಿಕೊಂಡು ಬ್ಲೇಡನ್ನು ಪೂರ್ತಿ ಏರಿಸಬೇಕು. ಒಂದು ಹಲ್ಲಿಗೆ ಗುರುತು ಹಾಕಿ, ಅದು ಮುಂದಿರುವಾಗ ಮೇಜಿನ ಗಾಡಿಯಿಂದ ಇರುವ ದೂರವನ್ನು ಅಳೆದು, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯಬೇಕು. ಎರಡೂ ಅಳತೆ ಒಂದೇ ಆಗಿದ್ದರೆ ಬ್ಲೇಡ್ ನೇರವಾಗಿದೆ. ಫೆನ್ಸನ್ನು ನಾಲ್ಕೈದು ಸಲ ಸರಿಸಿ ಬಿಗಿದು, ಪ್ರತಿ ಸಲವೂ ಹಿಂದೆ-ಮುಂದೆ ಅಳೆಯಬೇಕು. ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಮೇಜು ಸಮತಟ್ಟಾಗಿದೆಯೇ ನೋಡಬೇಕು. ಬ್ಲೇಡಿನ ದಂಡವನ್ನು ಕೈಯಲ್ಲಿ ಅಲುಗಿಸಿದಾಗ ಸಡಿಲ ಕಾಣಬಾರದು. ಸೆಕೆಂಡ್ ಹ್ಯಾಂಡ್ ಯಂತ್ರಕ್ಕೂ ಇದೇ ಕ್ರಮ. ರೈವಿಂಗ್ ನೈಫ್ ಮತ್ತು ಗಾರ್ಡು ಕಳೆದುಹೋಗಿದ್ದರೆ ಅವು ಬಿಡಿಯಾಗಿ ಸಿಗುವುದನ್ನು ಖಾತ್ರಿಪಡಿಸಿಕೊಂಡ ಮೇಲಷ್ಟೇ ಮುಂಗಡ ಕೊಡಬೇಕು.

ಮೊದಲ ಕೊಯ್ತಕ್ಕೆ ಮುನ್ನ

ಯಂತ್ರ ಮನೆಗೆ ಬಂದ ದಿನವೇ ಮರದ ತುಂಡಿನಿಂದ ‘ಪುಶ್ ಸ್ಟಿಕ್’ ಎಂಬ ತಳ್ಳುಗೋಲು ತಯಾರಿಸಿಕೊಳ್ಳಬೇಕು. ಕಿರಿದಾದ ಪಟ್ಟಿಯನ್ನು ಕೈಯಿಂದ ತಳ್ಳಬಾರದು. ಬ್ಲೇಡಿನ ಎತ್ತರ ಮರಕ್ಕಿಂತ ತುಸುವೇ ಮೇಲಿರಲಿ. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಫೆನ್ಸಿನ ಅಥವಾ ಮೈಟರ್ ಗೇಜಿನ ಆಧಾರವಿಲ್ಲದೆ ಬರಿಗೈಯಲ್ಲಿ ಮರ ಕೊಡಬಾರದು. ಅಡ್ಡ ಕೊಯ್ಯುವಾಗ ಎರಡನ್ನೂ ಒಟ್ಟಿಗೆ ಬಳಸಿದರೆ ತುಂಡು ಸಿಕ್ಕಿ ಹಾರುತ್ತದೆ. ಕೈಗವಸು, ಉಂಗುರ, ಕತ್ತಿನ ಸರ, ಜೋಲುವ ತೋಳಿನ ಅಂಗಿ ಇರಬಾರದು. ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದೊಡನೆ ಬ್ಲೇಡನ್ನು ಮೇಜಿನೊಳಗೆ ಇಳಿಸಿ, ಪ್ಲಗ್ಗು ಕಿತ್ತಿಡಬೇಕು. ಪದ್ಧತಿಯಂತೆ ಕಲಿಯಬಯಸುವವರಿಗೆ ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸ ಯಂತ್ರಗಳ ತರಬೇತಿ ಕೇಂದ್ರವಿದೆ.

ಅವಘಡ ಸಂಭವಿಸಿಯೇ ಬಿಟ್ಟರೆ ಗಾಯವನ್ನು ಸ್ವಚ್ಛ ಬಟ್ಟೆಯಿಂದ ಒತ್ತಿಹಿಡಿದು ಕೈಯನ್ನು ಎತ್ತರಿಸಬೇಕು. ತುಂಡಾದ ಬೆರಳನ್ನು ಒದ್ದೆಯಾದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ನೀರು ನುಗ್ಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಿದರೆ ಜೀವಕೋಶಗಳು ಹಾಳಾಗುತ್ತವೆ. ಮರುಜೋಡಣೆಗೆ ಪ್ರತಿ ತಾಸೂ ಅಮೂಲ್ಯ. ಅಂತಹ ಶಸ್ತ್ರಚಿಕಿತ್ಸೆಗೆ ಪ್ಲಾಸ್ಟಿಕ್ ಸರ್ಜನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ, ಅದರ ಸಂಖ್ಯೆಯನ್ನೂ 108ನ್ನೂ ಕಾರ್ಯಾಗಾರದ ಗೋಡೆಯ ಮೇಲೆ ಬರೆದಿಡುವುದು ಲೇಸು. ಯಂತ್ರ ಚಾಲೂ ಇರುವಾಗ ಮನೆಯಲ್ಲಿ ಇನ್ನೊಬ್ಬರು ಇರುವಂತೆ ನೋಡಿಕೊಳ್ಳಬೇಕು.

ಒಟ್ಟಿನಲ್ಲಿ ಕೊಳ್ಳುವ ಕ್ರಮ ಹೀಗಿರಬಹುದು: ದೊಡ್ಡ ಹಾಳೆಯನ್ನು ಅಂಗಡಿಯಲ್ಲೇ ಕತ್ತರಿಸಿ ತರುವ ಏರ್ಪಾಡು ಮೊದಲು, ಸರ್ಕ್ಯುಲರ್ ಸಾ ಮತ್ತು ನೇರ ಪಟ್ಟಿ ಅನಂತರ, ರೈವಿಂಗ್ ನೈಫ್, ಸರಿಯಾದ ಫೆನ್ಸ್, ತಾನೇ ಚಾಲೂ ಆಗದ ಸ್ವಿಚ್ಚು ಇರುವ ಚಿಕ್ಕ ಮೇಜುಗರಗಸ ಕೊನೆಗೆ. ಈ ಮೂರೂ ಇರುವ ಯಂತ್ರಕ್ಕೆ ಹಣ ಇನ್ನೂ ಕೂಡಿಲ್ಲವಾದರೆ ಆರು ತಿಂಗಳು ಕಾಯುವುದರಿಂದ ಆಗುವ ನಷ್ಟವೇನೂ ಇಲ್ಲ. ಅಲ್ಲಿಯವರೆಗೆ ಕಪಾಟಿನ ಕೆಲಸ ಸರ್ಕ್ಯುಲರ್ ಸಾ ಹಿಡಿದೇ ಸಾಗಬಹುದು.